ಸೊನ್ನೆಗೆ ಹತ್ತಿರ

ಹಾಸನದ ಎಪಿಎಂಸಿ ಹಿಂದಿನ ಕೋಲ್ಡ್ ಸ್ಟೋರೇಜು, ನಾಲ್ಕನೇ ಕೋಣೆ.
ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆ
ಚೀಲದೊಳಗೆ ಉಸಿರು ಬಿಗಿಹಿಡಿದು ಮಲಗಿದೆ.
ಬೆಂಕಿಪೊಟ್ಟಣದಷ್ಟು ಬೋರ್ಡೊಂದನ್ನು ಕಂಬಕ್ಕೆ ಕಟ್ಟಿ
ಆಚೆ ಬಂದು, ಖಾಲಿ ಕ್ರೇಟಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ
ಅದಕ್ಕೆ ಮಾತು ಕಲಿಸುತ್ತಿದ್ದೇನೆ.

ಯಾವ ರೂಟರು, ಎಷ್ಟನೇ ಚಾನೆಲ್ಲು, ಎಲ್ಲ ಹೇಳಿಯಾಯಿತು.
ಪಾಸ್‌ವರ್ಡ್ ಗೊತ್ತಿದ್ದವನು ಕೆಲಸ ಬಿಟ್ಟು
ಅರಸೀಕೆರೆಯಲ್ಲಿದ್ದಾನೆ, ಫೋನು ಎತ್ತುವುದಿಲ್ಲ.
ರಾತ್ರಿ ಕಾವಲಿನ ಕಾಳಯ್ಯನವರಿಗೆ ಇಂಗ್ಲಿಷು ಬಾರದು;
ಅವನು ಒತ್ತುವುದನ್ನು ನೋಡಿದ್ದಾರಂತೆ, ಅಷ್ಟೇ.
ಸೀಮೆಸುಣ್ಣ ಈಸಿಕೊಂಡು ಬಾಗಿಲ ತಗಡಿನ ಮೇಲೆ
ಒಂದೊಂದೇ ಬಿಡಿಸಿದರು:
"ಒಂದೇ ಮೆಟ್ಲಿನ ಏಣಿ. ದೊಡ್ಡ ಹಾವು, ಪಕ್ಕದಾಗೆ ಮರಿ.
ಆಮ್ಯಾಕೆ ಕುಡ್ಲು. ಕುರ್ಚಿ ಎರಡು.
ಕೊನೇಗೆ ಮೊಟ್ಟೆ, ಅದೂ ಎರಡು."
ಮೊಟ್ಟೆ ಅಂದರೆ ಅಕ್ಷರವೋ, ಸೊನ್ನೆಯೋ?
"ಮೊಟ್ಟೆ ಅಂದ್ರೆ ಮೊಟ್ಟೇನೆ ಕಣವ್ವ."

ನಾಲ್ಕು ಸಲ ತಪ್ಪಿತು.
ಐದಕ್ಕೆ ನೀಲಿ ದೀಪ ಮಿಟುಕಿತು.
ಬಾಗಿಲು ಹಾಕಿದೆವು. ಸತ್ತಿತು.

ಗೋಡೆಯೊಳಗೆ ತಗಡು, ತಗಡಿನ ನಡುವೆ ಥರ್ಮೋಕೋಲು,
ಚಳಿಯನ್ನು ಹಿಡಿದಿಟ್ಟಂತೆ ಸುದ್ದಿಯನ್ನೂ ಹಿಡಿಯುತ್ತದೆ.
ಮೈನಸ್ ತೊಂಬತ್ತೊಂದು ಎಂದೆ.
"ಓಹೋ, ಅಷ್ಟೊಂದಾ?"
ಇಲ್ಲ, ಇದರಲ್ಲಿ ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು.
ಬೀಡಿ ಕೈಯಲ್ಲೇ ನಿಂತಿತು, ನಕ್ಕರು:
"ಹಂಗಾರೆ ಮೂರನೇ ಕ್ಲಾಸಾಗೆ ನಾನೇ ಫಸ್ಟು."

ನೀರು ಹೋಗುವ ತೂತಿನಿಂದ ಆಂಟೆನಾ ವೈರು ಆಚೆ ಎಳೆದು
ರಬ್ಬರಿಗೆ ಸಿಕ್ಕಿಸಿದೆ. ಅರವತ್ತನಾಲ್ಕು. ಸಾಕು.
ಇನ್ನು ನಿದ್ದೆ ಲೆಕ್ಕ:
ಹತ್ತು ನಿಮಿಷ ಮಲಗು, ಏಳು, ಚಳಿ ಎಷ್ಟೆಂದು ನೋಡು,
ಕೂಗಿ ಹೇಳು, ಮತ್ತೆ ಮಲಗು.
ಯಾರೂ ಓಗೊಡದಿದ್ದರೆ ಸುಮ್ಮನೆ ನೆನಪಿಟ್ಟುಕೋ,
ಸಿಕ್ಕಾಗ ಹೇಳಿದರಾಯಿತು.

ಕಾಳಯ್ಯ ಪರದೆಯನ್ನೇ ನೋಡುತ್ತಿದ್ದರು.
ಗಂಟೆಗೊಮ್ಮೆ ಎದ್ದು ಟಾರ್ಚು ಬಿಟ್ಟು ಪಾದರಸ ಓದಿ
ಬರೆದ ಹದಿನೇಳು ವರ್ಷದ ಪುಸ್ತಕಗಳು
ಆಫೀಸಿನ ಬೀರುವಿನ ಮೇಲಿವೆ.
"ಇದಕ್ಕೆ ಸಂಬ್ಳ ಎಷ್ಟವ್ವ?"
ನನಗೆ ಉತ್ತರ ಬರಲಿಲ್ಲ. ಕೇಬಲ್ ಸುತ್ತಿದೆ.

ಹೊರಡುವ ಮುಂಚೆ ಇಬ್ಬರೂ ಒಳಗೆ ಹೋಗಿ ನೋಡಿದೆವು.
ಅವರ ಗಾಜಿನ ಕೊಳವೆ ಮೂರೂವರೆ ಅಂದಿತು,
ನನ್ನ ಬೋರ್ಡು ನಾಲ್ಕು ಪಾಯಿಂಟ್ ಒಂದು.
ಎರಡರಲ್ಲಿ ಯಾವುದು ಸರಿ?
ಚೀಲದ ಮೂಲೆಗೆ ಬೆರಳು ತೂರಿಸಿ
ಗೆಡ್ಡೆಯ ಕಣ್ಣು ಸವರಿ ನೋಡಿ ಅಂದರು:
"ಮೇ ತಿಂಗಳಾಗೆ ಇದೇ ಹೇಳ್ತದೆ, ತಡಿ."