ಎರಡಿಂಚು ಬಟ್ಟೆ

ಅಪ್ಪನ ಟ್ರಂಕಿನ ತಳದಲ್ಲಿ, ಹಾಸಿದ ಕಾಗದದ ಅಡಿಗೆ
ಅಂಗೈಯಗಲದ ಒಂದು ಫೋಟೋ, ಹಲ್ಲುಹಲ್ಲು ಕತ್ತರಿಸಿದ ಅಂಚು.
ವಿಮಾನದ ಎದುರು ಅಮ್ಮ ನಿಂತಿದ್ದಾಳೆ.

ಅಮ್ಮ! ಕಾಳಿ ದಾಟುವ ಲಾಂಚಿನಲ್ಲಿ ಕೂಡ
ಕಣ್ಣು ಮುಚ್ಚಿ ಕೂರುತ್ತಿದ್ದವಳು.
ತಿರುಗಿಸಿದರೆ ಇಸವಿಯಿಲ್ಲ, ಊರಿಲ್ಲ,
ಜಿರಲೆ ತಿಂದ ಅಂಟಿನ ಗುರುತು ಮಾತ್ರ.

ಮೊದಲು ತೋರಿಸಿದ್ದು ಪಕ್ಕದ ಮನೆಯ ವಿಠೋಬ ತಾಂಡೇಲನಿಗೆ.
ನೌಕಾನೆಲೆಯಲ್ಲಿ ಇಪ್ಪತ್ತು ವರ್ಷ ನಟ್ಟು ಬೋಲ್ಟು ಬಿಗಿದವನು
ಕನ್ನಡಕ ಹಣೆಗೇರಿಸಿ, ಫೋಟೋ ಮೂಗಿಗೆ ತಾಗಿಸಿ ಹೇಳಿದ:
ಬಾಲ ನೆಲಕ್ಕೂರಿ, ಮೂತಿ ಎತ್ತಿ ಕೂತಿದೆ, ನಾಯಿಯ ಹಾಗೆ.
ಎಲ್ಲರೂ ಡಕೋಟಾ ಅಂತಾರೆ. ಅಲ್ಲ. ಹೊಟ್ಟೆ ನೋಡು,
ಏಳು ತಿಂಗಳ ಹೊಟ್ಟೆ. ಇದು ವೈಕಿಂಗ್.
ಐವತ್ತಕ್ಕಿಂತ ಹಿಂದಲ್ಲ, ಅರವತ್ತೆರಡಕ್ಕಿಂತ ಮುಂದಲ್ಲ.
ಹನ್ನೆರಡು ವರ್ಷದ ಬಲೆ ಬೀಸಿ
ಮೀನು ನೀನೇ ಹಿಡಿದುಕೋ ಎಂದು ಎದ್ದು ಹೋದ.

ಬಲಗಡೆ ಮೂಲೆಯಲ್ಲಿ ಅರ್ಧ ಕಾರು.
ಬೈತಖೋಲದ ಗ್ಯಾರೇಜಿನ ಜಯವಂತ ಬಗ್ಗಿ ನೋಡಿದ:
ಗಾಜು ಕಿವಿಯವರೆಗೂ ಬಾಗಿದೆಯಲ್ಲ ಅಕ್ಕ, ಒಪೆಲ್.
ಐವತ್ತೇಳರ ಮಾಡೆಲ್ಲು. ನಮ್ಮ ಕಡೆ ಆಗ
ಲ್ಯಾಂಡ್‌ಮಾಸ್ಟರ್, ಇಲ್ಲಾ ಡುಕ್ಕರ್ ಫಿಯಾಟ್.
ಮತ್ತೆ ಈ ನಂಬರು ಮುಂಬಯಿಯದಲ್ಲ, ಮೈಸೂರಿನದೂ ಅಲ್ಲ.
ಅಷ್ಟು ಹೇಳಿ, ಕೈಯ ಗ್ರೀಸು ಒರೆಸುತ್ತ ಸುಮ್ಮನಾದ.

ಮನೆಗೆ ಬಂದು ಅಪ್ಪನದೇ ಭೂತಗನ್ನಡಿ ಹಿಡಿದೆ.
ವಿಮಾನದ ಮೈಮೇಲೆ ಎರಡಕ್ಷರ, ಸಿ, ಆರ್.
ಉಳಿದದ್ದು ಅಮ್ಮನ ಅಬ್ಬೋಲಿ ದಂಡೆಯ ಮರೆಗೆ.
ನಮ್ಮ ವಿಮಾನವಾದರೆ ವಿ, ಟಿ. ತಾಂಡೇಲನ ಮೊಮ್ಮಗನಿಗೂ ಗೊತ್ತು.
ಇದು ಪೋರ್ಚುಗೀಸರದು. ದಾಬೋಳಿ.

ಮಾಜಾಳಿಯ ಗೇಟು ಬಿದ್ದಿದ್ದ ಕಾಲ.
ಆ ಕಡೆ ತವರು, ಈ ಕಡೆ ಗಂಡನ ಮನೆ,
ನಡುವೆ ಅಡ್ಡ ಒಂದು ಮರದ ತೊಲೆ, ತೊಲೆಯ ಪಕ್ಕ
ಖಾಕಿಯಲ್ಲಿ ನನ್ನ ಅಪ್ಪ, ಘನಶ್ಯಾಮ ಪೆಡ್ನೇಕರ್,
ಅತ್ತೆ ಕಳಿಸಿದ ಹಲಸಿನ ಹಪ್ಪಳವನ್ನು
ಎಣಿಸಿ, ರಸೀದಿ ಬರೆದು, ವಾಪಸು ಕಳಿಸಿದವನು.
ಊಟಕ್ಕೆ ಕೂತಾಗೆಲ್ಲ ಆ ಕತೆ ಹೇಳುತ್ತಿದ್ದ.
ಅಮ್ಮ ಆಗ ಸಾರಿನ ಉಪ್ಪು ನೋಡುತ್ತಿದ್ದಳು.

ಕೊನೆಗೆ ಕೋಡಿಬಾಗದ ದರ್ಜಿ ಕೈತಾನ್.
ಎಂಬತ್ತೆಂಟು. ಸೂಜಿಗೆ ದಾರ ಪೋಣಿಸಲಾರ.
ವಿಮಾನ ನೋಡಲಿಲ್ಲ, ಕಾರು ನೋಡಲಿಲ್ಲ,
ಉಗುರಿಟ್ಟದ್ದು ರವಿಕೆಯ ತೋಳಿನ ಮೇಲೆ:
ಬುಗ್ಗೆತೋಳು ಹೋಗಿ ಮೊಳಕೈತನಕ ಬಿಗಿತೋಳು ಬಂದ ವರ್ಷ.
ಕೊರಳಿನ ಈ ಪೈಪಿಂಗ್ ನನ್ನದು, ಬೇರೆಯವರಿಗೆ ಬರುತ್ತಿರಲಿಲ್ಲ.
ಶಿವರಾತ್ರಿಯ ಹಿಂದಿನ ವಾರ ಹೊಲಿಸಿದ್ದು.
ಬದಿಗೆ ಎರಡಿಂಚು ಬಟ್ಟೆ ಒಳಗೇ ಬಿಡು ಕೈತಾನ,
ಆಮೇಲೆ ಬೇಕಾಗುತ್ತದೆ, ಅಂದಳು ನಿನ್ನಮ್ಮ, ನೆಲ ನೋಡುತ್ತ.
ನೀನು ಮಳೆಗಾಲದವಳಲ್ಲವೋ?

ಆಷಾಢದವಳು. ಐವತ್ತೆಂಟರ ಆಷಾಢ.

ಅಂಗಡಿಯ ಬೆಂಚಿನ ಮೇಲೆ ಕೂತೆ. ನೀರು ಕೊಟ್ಟ.
ಹಾಗಾದರೆ ವಿಮಾನ ಹತ್ತಿದವನು ಶಾಬಾ ಮಾಮ,
ಆಫ್ರಿಕಾಕ್ಕೆ ಹೋಗಿ ಒಂದೂ ಕಾಗದ ಬರೆಯದವನು.
ಅಣ್ಣನನ್ನು ಕಳಿಸಿಕೊಡಲು ತಂಗಿ ಹೋಗಿದ್ದಾಳೆ,
ಗಡಿ ದಾಟಿ, ತಿರುಗಿ ದಾಟಿ,
ಜೊತೆಗೆ ನಾನು, ರಸೀದಿಯಿಲ್ಲದೆ,
ಆ ಎರಡಿಂಚಿನ ನೆಚ್ಚಿಕೆಯಲ್ಲಿ.

ಆ ರಾತ್ರಿ ಗೇಟಿನಲ್ಲಿ ಯಾರ ಪಾಳಿ?
ಕಂದೀಲು ತಗ್ಗಿಸಿ, ಸಮುದ್ರದ ಕಡೆ ಮುಖ ಮಾಡಿ
ಯಾರು ಬೀಡಿ ಹಚ್ಚಿದರು?
ಅಪ್ಪ ಬೀಡಿ ಸೇದುತ್ತಿರಲಿಲ್ಲ.
ಸೇದಿದ್ದನೋ ಏನೋ, ಒಂದು.

ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟೆ:
ಫೆಬ್ರವರಿ ೧೯೫೮. ಅಮ್ಮ, ನಾನು.
ಊರು ಬರೆಯಲಿಲ್ಲ.
ಅಪ್ಪ ತೀರಿ ಇಪ್ಪತ್ತು ವರ್ಷವಾಯಿತು, ನಿಜ.
ಆದರೂ ಅವನ ಸರ್ವಿಸ್ ಬುಕ್ಕಿನಲ್ಲಿ
ಒಂದೂ ಕೆಂಪು ಗೆರೆಯಿಲ್ಲ.
ಈಗ ನಾನ್ಯಾಕೆ ಎಳೆಯಲಿ.