ಹತ್ತು ನಿಮಿಷದ ಫ್ಯೂಸು

ಕೋಟೆಬೆಟ್ಟಕ್ಕೆ ಮೂರು ಸಲ ಹೋದೆವು, ಮಗಳೂ ನಾನೂ.
ಮೂರು ಸಲವೂ ಮಂಜು
ನಮಗಿಂತ ಮೊದಲೇ ಹತ್ತಿ ಕೂತಿತ್ತು.
ಕುಯ್ಲಾದ ಗದ್ದೆಯಲ್ಲಿ ಕತ್ತಲು ಹದವಾಗಿತ್ತು;
ಆಚೆ ಬಿದಿರು ಲಟಕ್ಕೆಂದ ಸದ್ದಿಗೆ
ಚಾಪೆ ಅಲ್ಲೇ ಬಿಟ್ಟು ಬೈಕು ಹತ್ತಿದೆವು.
ತೋಟದೊಳಗಂತೂ ಸಿಲ್ವರ್ ಓಕಿನ ಸಂದಿಯಲ್ಲಿ
ಆಕಾಶ ಅಂಗೈಯಗಲ.

ಮಾದಾಪುರದ ಸುತ್ತ ಕತ್ತಲೆ ಎಲ್ಲಿ ಉಳಿದಿದೆ ಅಂತ
ಕೇಳುವುದು ಯಾರನ್ನು? ಲೈನ್‌ಮ್ಯಾನನ್ನು!
ಇಪ್ಪತ್ತೆರಡು ವರ್ಷ ಅದನ್ನೇ ಅಟ್ಟಿಕೊಂಡು
ಕಂಬ ಹತ್ತಿದವನನ್ನು.

ಕೊನೆಗೆ ಸಿಕ್ಕಿದ್ದು ಬೆಳ್ಯಪ್ಪನವರ ಕಾಫಿ ಕಣ.
ಮರವಿಲ್ಲ, ಮಾಡಿಲ್ಲ. ಹರಡಿದ ಹಣ್ಣಿನ ಹುಳಿವಾಸನೆ,
ಕಾವಲಿಗೆ ಕುಂಞಿರಾಮ, ಅವನ ಕೆಮ್ಮು,
ಮತ್ತು ಹೋದ ವರ್ಷ ನಾನೇ ಹಾಕಿಕೊಟ್ಟ
ದೊಡ್ಡ ಲೈಟು.
"ಕಳ್ಳರು ಬಂದರೆ?" ಅಂದ.
"ಹತ್ತೇ ನಿಮಿಷ" ಅಂದೆ.
ಟ್ರಾನ್ಸ್‌ಫಾರ್ಮರಿಗೆ ಹೋಗಿ ಫ್ಯೂಸು ಕಿತ್ತೆ.

ನಮಗೆ ನಕ್ಷತ್ರವೆಂದರೆ ಮಳೆಯ ಹೆಸರು ತಾನೆ?
ಹೆಸರು ಹಿಡಿದು ಬೈದವನೇ ಹೊರತು
ಮುಖ ನೋಡಿದವನಲ್ಲ.
"ಅಪ್ಪ, ಆ ಕೆಂಪಗಿರುವುದು?" ಅಂದಳು ಲಿಖಿತ.
ಆಮೇಲೆ ಶಾಲೆಯ ಪಟ ತಿರುಗಿಸಿ
ತಾನೇ ಹೇಳಿದಳು: ಆರಿದ್ರಾ.

ಓಹೋ, ನೀನೋ.
ಆ ವರ್ಷ ಒಂದೇ ರಾತ್ರಿ
ಒಂಬತ್ತು ಕಂಬ ಮಲಗಿಸಿದವಳು.
ಈಗ ನೋಡು,
ಏನೂ ಅರಿಯದವಳ ಹಾಗೆ ಮಿಣಮಿಣ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು.
ಊರಿನ ಅರ್ಧಕ್ಕೆ ಕರೆಂಟಿಲ್ಲವಂತೆ,
ಎಲ್ಲಿ ಹೋಗಿದೆ, ಯಾವಾಗ ಬರುತ್ತದೆ?
"ಹುಡುಕ್ತಾ ಇದ್ದೀವಿ ಸಾರ್" ಅಂದೆ,
ಕತ್ತು ಇಳಿಸದೆ.