ಬಾಕಿ

ಸಲ್ಮಾಬಾದಿನ ಗ್ಯಾರೇಜುಗಳ ಹಿಂದೆ ನಮ್ಮ ಕ್ಯಾಂಪು.
ಕೋಣೆಗೆ ಹನ್ನೊಂದು ಜನ, ಹನ್ನೆರಡನೆಯದು ಏಸಿ;
ಅದೂ ರಾತ್ರಿಯಿಡೀ ಕೆಮ್ಮುತ್ತದೆ.

ಪಗಾರ ನಿಂತ ಮೊದಲ ತಿಂಗಳು ಯಾರೂ ಮಾತೆತ್ತಲಿಲ್ಲ,
ಹಲ್ಲುನೋವಿನ ಹಾಗೆ, ತಾನೇ ಹೋದೀತೆಂದು.
ಎರಡನೆಯ ತಿಂಗಳು ಮಲಬಾರಿ ಕೋಯನ ಅಂಗಡಿಯಲ್ಲಿ
ಉದ್ದರಿ ಖುಬ್ಬೂಸು ನಿಂತಿತು.
ಮೂರನೆಯದರಲ್ಲಿ ತೇಜ್ ಬಹಾದೂರ
ಬೂಟು ಮಾರಿ
ಚಪ್ಪಲಿಯಲ್ಲಿ ಸಾರುವೆ ಹತ್ತಿದ.

ನಾಲ್ಕನೆಯ ತಿಂಗಳ ಒಂದು ರಾತ್ರಿ, ಅಡುಗೆಯ ಅದ್ದುಚ್ಚ
ಪಾತ್ರೆ ತೊಳೆದ ಕೈಯಲ್ಲೇ ಒಂದು ನೋಟ್‌ಬುಕ್ ತಂದರು.
ಕಾಟಿಪಳ್ಳದ ಮಗಳಿಗೆಂದು ಕೊಂಡು
ಕಳಿಸದೆ ಉಳಿದ ಇನ್ನೂರು ಪುಟದ್ದು,
ರಟ್ಟಿನ ಮೇಲೆ ನಗುವ ಕರಡಿಮರಿ.
'ನೀ ಬರಿ ಮಾರಾಯ, ನಿಂಗೆ ಗೆರೆ ನೆಟ್ಟಗೆ ಬರ್ತದೆ.'
ಮಸ್ಕಿಯ ಗೌಂಡಿಯ ಮಗ ನಾನು.
ದಾರ ಕಟ್ಟಿ ಗೋಡೆ ಎಬ್ಬಿಸುವ ಕೈ
ಅವತ್ತು ಸ್ಕೇಲು ಹಿಡಿಯಿತು.

ಹೆಸರು. ಊರು. ಪಾಸ್‌ಪೋರ್ಟು ಯಾರ ಬೀಗದಲ್ಲಿ.
ಕೊನೆಯ ಮನೆಗೆ ತಲೆಬರಹ ಏನಿಡುವುದು?
ಆರು ಭಾಷೆಯ ಕೋಣೆ ಅದು,
ಉಪ್ಪು ಕೇಳುವುದಕ್ಕೂ ಕೈಸನ್ನೆ.
ನಾನು 'ಬಾಕಿ' ಅಂದದ್ದೇ
ಸಿಲ್ಹೆಟ್ಟಿನ ಶಫೀಕುಲ್ ತಲೆಯೆತ್ತಿದ: ಬಾಕಿ.
ಜಗಿತ್ಯಾಲದ ಮಲ್ಲೇಶಂ ಎಳೆದು ಹೇಳಿದ: ಬಾಕೀ.
ತೇಜ್ ಬಹಾದೂರ ಮೂಗಿನಲ್ಲಿ: ಬಾಂಕಿ.
ಪೇಶಾವರದ ಡ್ರೈವರು
ಗಂಟಲ ತಳದಿಂದ ಅದನ್ನೇ ಎತ್ತಿ ತಂದ,
ಬಾವಿಯಿಂದ ಕೊಡ ಎಳೆದ ಹಾಗೆ.

ಅರಬರದೇ ಮಾತಂತೆ ಅದು, ಆಮೇಲೆ ತಿಳಿಯಿತು.
ನಮ್ಮೂರ ಕಿರಾಣಿ ಶೆಟ್ಟರ ಗೋಡೆಯ ಮೇಲೆ
ಅಪ್ಪನ ಹೆಸರಿನ ಮುಂದೆ ಅದನ್ನು ಓದುತ್ತಲೇ
ನಾನು ಅಕ್ಷರ ಕಲಿತದ್ದು;
ನಮ್ಮ ಸ್ವಂತದ್ದೆಂದೇ ತಿಳಿದಿದ್ದೆ.
ಇಷ್ಟು ವರ್ಷಕ್ಕೆ ಮೊದಲ ಸಲ
ಅದು ಮಗ್ಗುಲು ಬದಲಿಸಿ ಮಲಗಿತು:
ಕೊಡಬೇಕಾದ್ದಲ್ಲ,
ಬರಬೇಕಾದ್ದು.

ಅರವತ್ಮೂರು ಹೆಸರು. ಹತ್ತೊಂಬತ್ತು ಹೆಬ್ಬೆಟ್ಟು.
ಕೆಲಸಕ್ಕೆ ಹೋಗದೆ ಲೇಬರ್ ಕಚೇರಿಗೆ ನಡೆದೆವು,
ಬಸ್ಸಿಗೆ ಕಾಸಿಲ್ಲದ್ದಕ್ಕೆ.
ಜನ ಅದನ್ನು ಮೆರವಣಿಗೆ ಅಂದುಕೊಂಡರು.

ಅಲ್ಲಿ ಮರದ ನೆರಳಲ್ಲಿ ಎಮಿಲ್ಡಾ ಬಾಯಿ ಕಾದಿದ್ದಳು,
ರಿಫ್ಫಾದ ಯಾವುದೋ ಮನೆಯ ಆಯಾ.
ಬ್ಲೌಸಿನಿಂದ ಬೆವರಿನ ಚೀಟಿ ತೆಗೆದಳು,
ಹನ್ನೊಂದು ಹೆಂಗಸರು, ಒಬ್ಬೊಬ್ಬಳು ಒಂದೊಂದು ಅಡುಗೆಮನೆಯೊಳಗೆ.
'ಆ ಫಾರಮ್ಮಿನಲ್ಲಿ ನಮ್ಮದು ಅಂತ ಮನೆ ಇಲ್ಲವಂತೆ.
ನಿಮ್ಮ ಪುಸ್ತಕದಲ್ಲಿ ಇದ್ದರೆ ಕೊಡಿ.'
ಶಫೀಕುಲ್ ಗೊಣಗಿದ, ನಮ್ಮದೇ ನಮಗೆ ಭಾರ ಎಂದು.
ಅದ್ದುಚ್ಚ ಏನೂ ಹೇಳಲಿಲ್ಲ.
ಬೆನ್ನು ಬಗ್ಗಿಸಿ ನಿಂತರು.
ಅವರ ಬೆನ್ನ ಮೇಲೆ ಪುಸ್ತಕ ಇಟ್ಟು
ಹೊಸ ಪುಟಕ್ಕೆ ಗೆರೆ ಎಳೆದೆ. ಉಸಿರಾಡಿದಾಗ
ಗೆರೆ ಸ್ವಲ್ಪ ಸೊಟ್ಟಗಾಯಿತು.

ಗೆದ್ದೆವೆಂದು ಹೇಗೆ ಹೇಳಲಿ?
ಎರಡು ತಿಂಗಳದು ಬಂತು.
ಬೋರ್ಡು ಬರೆಸಿದರು: ಸಂಬಳ ಏಳನೇ ತಾರೀಖಿಗೆ.
ಬೋರ್ಡಿನ ಬಣ್ಣ ಆರುವ ಮೊದಲೇ
ಅದ್ದುಚ್ಚನ ವೀಸಾ ಕ್ಯಾನ್ಸಲ್ಲು,
ಸಾಂಬಾರಿನಲ್ಲಿ ಉಪ್ಪು ಜಾಸ್ತಿಯಾಯಿತಂತೆ.
ಎಮಿಲ್ಡಾಳ ಚೀಟಿಯ ಹನ್ನೊಂದರಲ್ಲಿ
ಮೂವರ ಹೆಸರು ಹೊಡೆದಿದ್ದೇನೆ,
ಪಗಾರ ಸಿಕ್ಕಿತು. ಒಬ್ಬಳ ಫೋನು ಹತ್ತುವುದೇ ಇಲ್ಲ.
ಅವಳ ಮನೆಯನ್ನು ಖಾಲಿ ಬಿಟ್ಟಿದ್ದೇನೆ.

ನಿನ್ನೆ ಪಕ್ಕದ ಕ್ಯಾಂಪಿನವರು ಬಂದಿದ್ದರು,
ಇಪ್ಪತ್ತೆಂಟು ಜನ, ಐದು ತಿಂಗಳು.
ಪುಟ ಮುಗಿದಿದೆ. ಕರಡಿಮರಿಯ ಒಂದು ಕಿವಿ
ಎಣ್ಣೆಗೆ ಅಳಿಸಿಹೋಗಿದೆ.
ಕೋಯನ ಅಂಗಡಿಯಲ್ಲಿ ಇನ್ನೊಂದು ತಂದೆ,
ಈ ಸಲ ನಾನೂರು ಪುಟದ್ದು.
ಕಾಸು ಆಮೇಲೆ ಕೊಡುತ್ತೇನೆಂದೆ.
ಅವನು ಪೆನ್ನು ತೆಗೆದ,
ನನ್ನ ಹೆಸರಿನ ಮುಂದೆ
ಏನು ಬರೆದನೆಂದು ಕೇಳಬೇಡಿ.